ಆರನೆಯ ಹಲಗೆಯ ಹಿಂಬದಿ

ಫೆಬ್ರವರಿ 2

ಕೂಡಿದ ಮಹಾಜನರೇ! ಮುಂದಿನ ಕುರ್ಚಿಯ ದೊಡ್ಡ ಮನುಷ್ಯರೇ, ಹಿಂದಿನ ಚಾಪೆಯ ರಸಿಕರೇ, ಟಿಕೆಟ್ಟಿಲ್ಲದೆ ಬೇಲಿ ಹಾರಿ ಬಂದ ನನ್ನ ಪ್ರಾಣಸ್ನೇಹಿತರೇ! ಗದ್ದಲ ನಿಲ್ಲಿಸಿ. ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸಿ. ಇಂದಿನಿಂದ ನಲವತ್ತು ದಿನ ನಿಮ್ಮೆದುರು ನಡೆಯಲಿರುವುದು ಒಂದು ಮೂಕನಾಟಕ. ನಾಯಕ ನಾನೇ. ಸಭೆ ಈ ನೋಟುಬುಕ್ಕು. ಇದಕ್ಕೆ ಕಿವಿಯಿಲ್ಲ ನಿಜ. ಆದರೆ ಬೇಸರ ಬಂದು ಎದ್ದು ಹೋಗಲು ಕಾಲೂ ಇಲ್ಲ.

ನಿನ್ನೆ ಗಂಟಲು ಡಾಕ್ಟರಮ್ಮ ನನ್ನ ಧ್ವನಿತಂತುಗಳ ಮೇಲಿಂದ ಎರಡು ಗಂಟು ಕತ್ತರಿಸಿ ತೆಗೆದರು. ಮೂವತ್ತೆಂಟು ವರ್ಷ ಮೈಕಿಲ್ಲದೆ ಕೊನೆಯ ಸಾಲಿಗೆ ಮಾತು ಮುಟ್ಟಿಸಿದ್ದಕ್ಕೆ ಸಿಕ್ಕ ಬಹುಮಾನ.

"ನಲವತ್ತು ದಿನ ಒಂದಕ್ಷರ ಆಡಬಾರದು. ಪಿಸುಗುಟ್ಟೋದೂ ಬೇಡ, ಅದು ಇನ್ನೂ ಕೆಟ್ಟದ್ದು. ಆಡಿದ್ರೋ, ಹೋದ ಧ್ವನಿ ಹೋದ ಹಾಗೇ," ಎಂದರು.

ಸ್ಲೇಟಿನ ಮೇಲೆ ಬರೆದೆ: 'ಗುನುಗಬಹುದೇ?'

"ಸ್ಲೇಟಿನ ಮೇಲೇ ಗುನುಗಿಕೊಳ್ಳಿ," ಎಂದರು. ಈ ಹೆಂಗಸು ಹಾಸ್ಯಪಾತ್ರಕ್ಕೆಂದೇ ಹುಟ್ಟಿದವರು, ದಾರಿ ತಪ್ಪಿ ವೈದ್ಯರಾದರು.

ಏಪ್ರಿಲ್ ಐದಕ್ಕೆ ಕಂಪನಿಯ ಹೊಸ ನಾಟಕ. ರಾಜನ ಪಾತ್ರ ನನ್ನದು. ಮೊದಲ ಅಂಕದಲ್ಲೇ ಮೂರು ಪುಟದ ಮಾತು. ಆ ಮೂರು ಪುಟಕ್ಕಾಗಿ ನಲವತ್ತು ದಿನ ಬಾಯಿಗೆ ಬೀಗ. ಸೌದಾ ಒಪ್ಪಿದ್ದೇನೆ.

ಒಂಟಿ ಮನುಷ್ಯ ನಾನು. ರಂಗದ ಮೇಲೆ ಸಾವಿರ ಸಲ ಮದುವೆಯಾದವನಿಗೆ ಮನೆಯಲ್ಲೊಂದು ಸಲ ಆಗಲು ಪುರುಸೊತ್ತಾಗಲಿಲ್ಲ. ನನ್ನ ಕೋಣೆಯಲ್ಲೇ ಇದ್ದರೆ ಕಂಪನಿಯವರು ದಿನಕ್ಕೆ ಹತ್ತು ಜನ ಬಂದು "ಹೇಗಿದ್ದೀರಿ?" ಎನ್ನುವರು, ನಾನು ಹೇಗಿದ್ದೇನೆಂದು ಒಂದು ತಾಸು ವಿವರಿಸುವೆನು. ಅದಕ್ಕೇ ಅಕ್ಕ ಆಸ್ಪತ್ರೆಯ ಬಾಗಿಲಲ್ಲೇ ನನ್ನನ್ನು ಗಂಟುಮೂಟೆ ಸಮೇತ ಹಿಡಿದು ತನ್ನ ಮನೆಗೆ ತಂದಳು.

"ಹುಟ್ಟಿದಾಗಿಂದ ಇವನು ಬಾಯಿ ಮುಚ್ಚಿದ್ದು ಇದೇ ಮೊದಲು ಕಣ್ರೀ. ನಲವತ್ತು ದಿನ ನಾವೂ ಸುಖವಾಗಿರೋಣ," ಎಂದಳು ಭಾವನಿಗೆ.

ಭಾವ "ಹೂಂ" ಎಂದರು.

ಫೆಬ್ರವರಿ 5

ಸಭಿಕರೇ, ಈ ಮೂರು ದಿನದಲ್ಲಿ ಗೋಡೆಗಡಿಯಾರ ನನಗಿಂತ ಹೆಚ್ಚು ಮಾತಾಡಿದೆ. ಭಾವನ ವಿಷಯ ಕೇಳಲೇಬೇಡಿ. ಮೂವತ್ತೈದು ವರ್ಷ ಸ್ಟೇಷನ್ ಮಾಸ್ಟರಾಗಿದ್ದು ನಿವೃತ್ತರಾದವರು. ದಿನಕ್ಕೆ ಮೂರು ಮಾತು, ಅದರಲ್ಲಿ ಎರಡು 'ಹೂಂ'. ಇಷ್ಟು ವರ್ಷ ನಾನು ಅವರೆದುರು ಆಡಿದ್ದನ್ನೆಲ್ಲ ಸೇರಿಸಿದರೆ ಒಂದು ಗೂಡ್ಸ್ ಗಾಡಿ ತುಂಬೀತು. ಅವರು ಆಡಿದ್ದಕ್ಕೆ ಗಾರ್ಡಿನ ಡಬ್ಬಿಯ ಮೂಲೆಯೊಂದು ಧಾರಾಳ.

ಇವತ್ತು ಬೇಸರ ತಡೆಯಲಾರದೆ ಮಹಡಿ ಹತ್ತಿದೆ. ಹತ್ತಿದರೆ, ಆಹಾ! ಉದ್ದನೆಯ ಕೋಣೆ. ನಟ್ಟನಡುವೆ ಹತ್ತಡಿಯ ಮೇಜು. ಮೇಜಿನ ಅಂಚಿನಗುಂಟ ಮೊಟ್ಟೆಯಾಕಾರದಲ್ಲಿ ಹಳಿ, ಹಳಿಯ ಮೇಲೆ ಬೆರಳುದ್ದದ ಇಂಜಿನ್ನು, ಅದರ ಹಿಂದೆ ಐದು ಡಬ್ಬಿ. ಸಣ್ಣ ಸಿಗ್ನಲ್ಲು ತೋಳೆತ್ತುತ್ತದೆ, ಇಳಿಸುತ್ತದೆ. ಭಾವ ಬನಿಯನ್ ಹಾಕಿಕೊಂಡು, ಕನ್ನಡಕ ಮೂಗಿನ ತುದಿಗಿಟ್ಟು, ಹಳಿಯ ಕೂಡಿಕೆಯನ್ನು ಬ್ರಶ್ಶಿನಿಂದ ಉಜ್ಜುತ್ತಿದ್ದರು.

ಆದರೆ ಹಳಿ ಬಿಟ್ಟರೆ ಮೇಜಿನ ಮೇಲೆ ಬೋಳು ಪ್ಲೈವುಡ್ಡು. ಮರವಿಲ್ಲ, ಮನೆಯಿಲ್ಲ, ಮನುಷ್ಯನಿಲ್ಲ. ಪರದೆಯಿಲ್ಲದ ರಂಗ!

ನಾನು ಕೈ ತಿರುವಿ 'ಊರೆಲ್ಲಿ?' ಎಂಬಂತೆ ಕೇಳಿದೆ.

"ಹಳಿ ನನಗೆ ಬರುತ್ತೆ," ಎಂದರು ಭಾವ. "ಊರು ಬರಲ್ಲ."

ಆಮೇಲೆ ಒಂದು ಸುರುಳಿ ಕಾಗದ ಬಿಚ್ಚಿದರು. ನೌಕರಿಯಲ್ಲಿ ಆರು ಸ್ಟೇಷನ್ನು ನೋಡಿದ್ದರಂತೆ. ಆರನ್ನೂ ಇಡಲು ಮೇಜು ಸಾಲದು. ಅದಕ್ಕೇ ಹಳಿ ಖಾಯಂ, ಊರು ಬದಲಿ. ಹಳಿಯ ಒಳಬದಿಗೆ ಮೂರು ಖಾನೆ. ಒಂದೊಂದರಲ್ಲಿ ಎರಡು ತೂತು. ಎರಡಡಿ ಉದ್ದ, ಒಂದಡಿ ಅಗಲದ ಆರು ಹಲಗೆ. ಪ್ರತಿಯೊಂದರ ಕೆಳಗೆ ಎರಡು ಗೂಟ. ಒಂದೊಂದು ಹಲಗೆಯ ಮೇಲೆ ಒಂದೊಂದು ಸ್ಟೇಷನ್ನು. ಯಾವ ಹಲಗೆ ಬೇಕಾದರೂ ಯಾವ ಖಾನೆಗೂ ಕೂರಬೇಕು.

"ಇವತ್ತು ಎರಡನೇ ಊರಿಂದ ಐದಕ್ಕೆ ಹೋಗೋಣ ಅನ್ಸಿದ್ರೆ ಹೋಗಬೇಕು. ಬೇಡ ಅನ್ಸಿದ್ದು ಕಪಾಟಲ್ಲಿರ್ಲಿ."

ಮಹಾಜನರೇ, ಇದಕ್ಕೆ ಭಾವ ಎರಡು ವರ್ಷದಿಂದ ತಲೆ ಕೆರೆದುಕೊಳ್ಳುತ್ತಿದ್ದಾರೆ! ನಮ್ಮಲ್ಲಿ ಹಗ್ಗ ಎಳೆದರೆ ಅರಮನೆ ಹೋಗಿ ಕಾಡು ಬರುತ್ತದೆ. ನಾನು ಮುಖಕ್ಕೆ ಬಣ್ಣ ಹಚ್ಚುವುದಕ್ಕೆ ಮೊದಲು ನಮ್ಮಪ್ಪನ ಪಕ್ಕ ಕೂತು ಪರದೆಗೆ ಬಣ್ಣ ಹಚ್ಚಿದವನು. ಎದೆ ತಟ್ಟಿಕೊಂಡೆ. ಸ್ಲೇಟಿನ ಮೇಲೆ ಬರೆದೆ: 'ಆರೂ ಊರು ನನ್ನ ಜವಾಬ್ದಾರಿ!'

ಭಾವ ಓದಿ, ಆಶ್ಚರ್ಯಸೂಚಕ ಚಿಹ್ನೆಯನ್ನು ಬೆರಳಿನಿಂದ ಒರೆಸಿ, "ಹೂಂ" ಎಂದರು.

ಫೆಬ್ರವರಿ 12

ಒಂದು ವಾರ ಅನ್ನ ನಿದ್ದೆ ಮರೆತು ಮೂರು ಊರು ಕಟ್ಟಿದೆ. ರಟ್ಟಿನ ಗೋಡೆ, ಐಸ್‌ಕ್ರೀಮ್ ಕಡ್ಡಿಯ ಬೇಲಿ, ಹಳೆಯ ಸ್ಪಂಜು ಹರಿದು ಹಸಿರು ಬಣ್ಣದಲ್ಲದ್ದಿ ಮಾಡಿದ ಮರ. ಮರದ ಬುಡದಲ್ಲಿ ನೆಲದ ಮೇಲೆ ಉದ್ದನೆಯ ನೀಲಿ ನೆರಳು ಬರೆದೆ. ನೆರಳು ಬರೆಯುವುದರಲ್ಲಿ ನಮ್ಮಪ್ಪನನ್ನು ಮೀರಿಸಿದವರಿರಲಿಲ್ಲ. ಅವರ ಕಂಬದ ನೆರಳನ್ನು ಎಡವಿದವರಿದ್ದಾರೆ.

ಇಂದು ಉದ್ಘಾಟನೆ. ಅಕ್ಕನನ್ನೂ ಕರೆಸಿದೆ. ಒಂದು ಹಲಗೆ ಈಚೆ ಖಾನೆಗೆ, ಒಂದು ಆಚೆ ಖಾನೆಗೆ, ಒಂದು ತುದಿಗೆ. ಗೂಟ ತೂತಿಗೆ ಟಕ್ಕೆಂದು ಕೂತವು. ಗಾಡಿ ಹೊರಟಿತು. ನಾನು ಚಪ್ಪಾಳೆಗಾಗಿ ತಲೆ ಬಾಗಿಸಿ ನಿಂತೆ.

ಭಾವ ಮೇಜನ್ನು ಒಂದು ಸುತ್ತು ಬಂದರು. ಇನ್ನೊಂದು ಸುತ್ತು ಬಂದರು. ಆಚೆಯ ಖಾನೆಗೆ ಹಲಗೆ ತಿರುಗಿ ಕೂರುತ್ತದಲ್ಲ, ಅಲ್ಲಿ ನಿಂತರು.

"ಈಚೆ ಊರಲ್ಲಿ ನೆರಳು ಕಿಟಕಿ ಕಡೆ. ಅಂದ್ರೆ ಬೆಳಿಗ್ಗೆ ಎಂಟು. ಆಚೆ ಊರಲ್ಲಿ ನೆರಳು ಬಾಗಿಲ ಕಡೆ. ಸಂಜೆ ಐದು. ನನ್ನ ಗಾಡಿಗೆ ಇಲ್ಲಿಂದ ಅಲ್ಲಿಗೆ ಹನ್ನೊಂದು ಸೆಕೆಂಡು."

ಅವರ ಬಾಯಿಂದ ನಾನು ಕೇಳಿದ ಅತಿ ಉದ್ದದ ಭಾಷಣ!

ಬರೆದೆ: 'ಕಲೆಯಲ್ಲಿ ಎರಡು ಸೂರ್ಯರಿದ್ದರೇನು ತಪ್ಪು?'

"ಟೈಮ್ ಟೇಬಲ್ ಹಾಳಾಗುತ್ತೆ."

ಅಕ್ಕ ಸೆರಗು ಬಾಯಿಗಿಟ್ಟು ನಕ್ಕಳು. ಬಾಯಿದ್ದಿದ್ದರೆ ನಾನು ಇಬ್ಬರಿಗೂ ಉತ್ತರ ಕೊಡುತ್ತಿದ್ದೆ. ಅರ್ಧ ತಾಸಿನ ಉತ್ತರ!

ಫೆಬ್ರವರಿ 13

ಮುನಿಸು. ಬರೆಯುವುದಿಲ್ಲ.

ಫೆಬ್ರವರಿ 17

ನೆರಳೆಲ್ಲ ಅಳಿಸಿದೆ. ಮಣ್ಣಿನ ಬಣ್ಣ ಬಳಿದೆ. ಒಂದೊಂದು ಸಲ ಬ್ರಶ್ಶು ಎಳೆದಾಗಲೂ, ಮಹಾಜನರೇ, ನಮ್ಮಪ್ಪನನ್ನೇ ಅಳಿಸಿದ ಹಾಗೆ.

"ನೆರಳನ್ನ ದೀಪಕ್ಕೇ ಬಿಟ್ಬಿಡು," ಎಂದರು ಭಾವ. "ನಾವು ಮರ ನಿಲ್ಲಿಸೋಣ. ಅದು ತನ್ನ ನೆರಳು ತಾನೇ ತರುತ್ತೆ."

ಕೋಣೆಯ ದೀಪ ಹಾಕಿ ನೋಡಿದೆ. ಮೂರೂ ಊರಲ್ಲಿ ಒಂದೇ ಹೊತ್ತು. ಒಪ್ಪಿಕೊಳ್ಳಲು ಮನಸ್ಸಿಲ್ಲ, ಆದರೆ ನೆರಳು ಚೆನ್ನಾಗಿತ್ತು.

ಒಂದು ವಿಚಿತ್ರ. ನಾನು ಅಂಟು ಒಣಗಲೆಂದು ಗೋಡೆಗಳನ್ನು ಬೆರಳಿನಿಂದ ಒತ್ತಿ ಹಿಡಿದು ಕೂತಿರುವಾಗ ಭಾವ ತಾವಾಗಿಯೇ ಮಾತಾಡುತ್ತಾರೆ. ಎರಡನೆಯ ಊರಿನ ಸ್ಟೇಷನ್ನಿನಲ್ಲಿ ಒಂದು ಮುದಿ ನಾಯಿ ಇತ್ತಂತೆ. ಮೇಲ್ ಗಾಡಿ ಬರುವ ಐದು ನಿಮಿಷ ಮೊದಲು ಎದ್ದು ಮೈ ಕೊಡವುತ್ತಿತ್ತಂತೆ.

"ಒಂದಿನ ಅದು ಏಳಲೇ ಇಲ್ಲ. ಸತ್ತೇ ಹೋಯ್ತೇನೋ ಅಂತ ಹೋಗಿ ನೋಡಿದೆ. ಕಣ್ಣು ಬಿಟ್ಟು ನನ್ನ ನೋಡ್ತು, ಮತ್ತೆ ಮಲಗ್ತು. ಆವತ್ತು ಗಾಡಿ ಮೂರು ಗಂಟೆ ಲೇಟು. ನನಗೆ ಫೋನ್ ಬರೋ ಮೊದಲು ಅದಕ್ಕೆ ಗೊತ್ತಾಗಿತ್ತು."

ಇಂಥ ಒಳ್ಳೆಯ ಕಥೆಯನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದರಲ್ಲ ಈ ಮನುಷ್ಯ! ನಾನಾಗಿದ್ದರೆ ಮೂರು ಅಂಕ ಮಾಡುತ್ತಿದ್ದೆ. ಯಾಕೆ ಹೇಳಲಿಲ್ಲವೋ.

ಹತ್ತಿಯುಂಡೆಯಿಂದ ಆ ನಾಯಿಯನ್ನು ಮಾಡಿ ಎರಡನೆಯ ಹಲಗೆಯ ಬೆಂಚಿನ ಕೆಳಗೆ ಅಂಟಿಸಿದೆ. ಭಾವ ಭೂತಗನ್ನಡಿ ಹಿಡಿದು ನೋಡಿ, "ಒಂದು ಕಿವಿ ಹರಿದಿತ್ತು," ಎಂದರು. ಚಿಮಟದಲ್ಲಿ ಹರಿದೆ.

ಫೆಬ್ರವರಿ 22

ಪ್ರಾಂಪ್ಟರಣ್ಣ ನೋಡಲು ಬಂದಿದ್ದ. ಪರದೆಯ ಮರೆಯಿಂದ ನಮಗೆಲ್ಲ ಮಾತು ನೆನಪಿಸಿಕೊಡುವವನು. ವೃತ್ತಿಯ ಮಹಿಮೆ, ಮನೆಯಲ್ಲೂ ಪಿಸುಮಾತೇ. ಹೆಂಡತಿಯ ಜತೆ ಜಗಳವನ್ನೂ ಪಿಸುಗುಟ್ಟಿಯೇ ಆಡುತ್ತಾನೆಂದು ಖ್ಯಾತಿ.

"ನೋಡಿದೆಯಾ ಗುಡುಗು, ನಲವತ್ತು ವರ್ಷ ಪಿಸುಗುಟ್ಟಿದ ನನ್ನ ಗಂಟಲು ಕೊಳಲಿನ ಹಾಗಿದೆ. ಅಬ್ಬರಿಸಿದ ನೀನು ಸ್ಲೇಟು ಹಿಡಿದಿದ್ದೀಯ." ಕಂಪನಿಯಲ್ಲಿ ನನ್ನ ಹೆಸರು ಗುಡುಗು. "ಮಾಲೀಕರು ಕೇಳ್ತಿದ್ರು, ಏಪ್ರಿಲ್ ಐದಕ್ಕೆ ಆಗುತ್ತಾ ಅಂತ. ಆಗದಿದ್ರೆ ಆ ಸೇನಾಪತಿ ಪಾತ್ರದವನನ್ನ ರಾಜ ಮಾಡ್ತಾರಂತೆ."

ಸೇನಾಪತಿ! ಅವನ ಧ್ವನಿ ನಾಲ್ಕನೆಯ ಸಾಲು ದಾಟುವಷ್ಟರಲ್ಲಿ ಸುಸ್ತಾಗಿ ಕೂರುತ್ತದೆ! ಸ್ಲೇಟು ತುಂಬ 'ಆಗುತ್ತದೆ' ಎಂದು ಬರೆದು ತೋರಿಸಿದೆ.

ಅವನನ್ನು ಮೆಚ್ಚಿಸಲು ಮಹಡಿಗೆ ಕರೆದೊಯ್ದು ಹಲಗೆಗಳನ್ನು ತೋರಿಸಿದೆ. ಅವನು ಅಭ್ಯಾಸಬಲದಿಂದ ನೇರ ಹಿಂದಕ್ಕೆ ಹೋಗಿ ಬಗ್ಗಿ ನೋಡಿದ. ಗೋಡೆಯ ಹಿಂದೆ ಕಡ್ಡಿ, ಅಂಟು, ರಟ್ಟಿನ ಮೇಲೆ ಬಿಸ್ಕತ್ತಿನ ಹೆಸರು.

"ನಮ್ಮ ಸೆಟ್ಟಿನ ಹಾಗೇ ಇದೆ!" ಎಂದು ಸಂತೋಷಪಟ್ಟ.

ಅವನು ಹೋದ ಮೇಲೆ ಭಾವ ಎಂದರು: "ಅವರು ಹೇಳಿದ್ದು ನಾನು ಹೇಳಬೇಕು ಅಂತಿದ್ದೆ. ಎಲ್ಲಾ ಸ್ಟೇಷನ್ನಿಗೂ ಮುಂಭಾಗ ಮಾತ್ರ ಮಾಡಿದ್ದೀಯ. ಈ ಕಡೆಯಿಂದ ನೋಡಿದ್ರೆ ಆಚೆ ಊರಿನ ಬೆನ್ನು ಕಾಣುತ್ತೆ. ಸ್ಟೇಷನ್ ಮಾಸ್ಟರ್ ಮನೆ ಇರೋದು ಹಿಂದೆ."

ನಿಜ ಹೇಳಲೇ? ರೈಲಿನ ಕಿಟಕಿಯಿಂದ ಸಾವಿರ ಸ್ಟೇಷನ್ನು ನೋಡಿದ್ದೇನೆ. ಒಂದರ ಹಿಂದೆಯೂ ಮನೆಯಿರಬಹುದೆಂದು ನನಗೆ ಹೊಳೆದಿಲ್ಲ. ಹಿಂದೆ ಇರುವುದು ಬಣ್ಣದ ಕೋಣೆ, ಹಗ್ಗ, ಬಕೆಟ್ಟು. ಅಷ್ಟೇ ಅಲ್ಲವೇ?

ಫೆಬ್ರವರಿ 28

ಐದು ಹಲಗೆ, ಐದು ಹಿಂಭಾಗ. ಭಾವ ಹೇಳುತ್ತಾರೆ, ನಾನು ಮಾಡುತ್ತೇನೆ. ಮೂರನೆಯ ಊರಲ್ಲಿ ಮನೆಗೆ ಒಂದೇ ಕೋಣೆ, ಹೊರಗೆ ನೀರಿನ ಡ್ರಮ್ಮು. ನಾಲ್ಕನೆಯದರಲ್ಲಿ ಅಕ್ಕ ಬೆಳೆಸಿದ ಟೊಮೆಟೊ ಗಿಡ; ಇಂಜಿನ್ ಡ್ರೈವರೊಬ್ಬ ಗಾಡಿ ನಿಲ್ಲಿಸಿ ಹಣ್ಣು ಕೇಳಿ ಬರುತ್ತಿದ್ದನಂತೆ. ಕೆಂಪು ಬಣ್ಣದ ಹದಿನೇಳು ಚುಕ್ಕೆ ಇಟ್ಟೆ. "ಅಷ್ಟು ಬಿಡ್ತಿರ್ಲಿಲ್ಲ," ಎಂದರು. ಆರು ಉಳಿಸಿದೆ.

ಇಂದು ಗಂಡಾಂತರ ತಪ್ಪಿತು. ಭಾವ ಬೆನ್ನು ಮಾಡಿ ಕಪಾಟಿನಲ್ಲಿ ಏನೋ ಹುಡುಕುತ್ತಿದ್ದರು. ಇಂಜಿನ್ನು ತಿರುವಿನಲ್ಲಿ ನಾನು ನಿನ್ನೆ ನಿಲ್ಲಿಸಿದ ಸೇತುವೆಯ ಕಂಬಕ್ಕೆ ಉಜ್ಜಿ, ಹಳಿ ತಪ್ಪಿ, ಮೇಜಿನ ಅಂಚಿಗೆ ವಾಲಿತು. ನಾನು ಈಚೆ ತುದಿಯಲ್ಲಿ, ಎರಡೂ ಕೈ ಅಂಟಿನಲ್ಲಿ. "ಭಾವಾ!" ಎಂಬ ಕೂಗು ಹೊಕ್ಕುಳಿಂದ ಎದ್ದು ಗಂಟಲ ತನಕ ಬಂತು. ನುಂಗಿದೆ. ಕಾಲಿನಿಂದ ಸ್ಟೂಲನ್ನು ಒದ್ದೆ. ಭಾವ ಸದ್ದಿಗೆ ತಿರುಗಿದರು, ಇಂಜಿನ್ನು ಬಿದ್ದೇಬಿಟ್ಟಿತು. ಚಿಮಣಿ ಮುರಿಯಿತು.

ಕಣ್ಣಲ್ಲಿ ನೀರು ಬಂತು ನನಗೆ. ಕೂಗಿದ್ದರೆ ಹಿಡಿಯುತ್ತಿದ್ದರು.

ಭಾವ ಚಿಮಣಿಯನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡರು. "ಇಂಜಿನ್ನಿಗೆ ಚಿಮಣಿ ಸಿಗುತ್ತೆ. ಗಂಟಲಿಗೆ ಬಿಡಿಭಾಗ ಎಲ್ಲಿ ತರೋದು?" ಎಂದು ನನ್ನ ಬೆನ್ನು ತಟ್ಟಿದರು. ನಕ್ಕರು ಕೂಡ. ಭಾವನ ಎಡಗಡೆ ಒಂದು ಹಲ್ಲಿಲ್ಲ. ನನಗೆ ಗೊತ್ತೇ ಇರಲಿಲ್ಲ.

ಮಾರ್ಚ್ 4

ಆರನೆಯದು ಯಾವಾಗ? ಮೂರು ಸಲ ಬರೆದು ಕೇಳಿದೆ. ಭಾವ ಅಳತೆ ಕೊಡುತ್ತಿಲ್ಲ. "ಐದು ಸಾಕು," ಎನ್ನುತ್ತಾರೆ. ಹಲಗೆ ಕತ್ತರಿಸಿ, ಗೂಟ ಹೊಡೆದು ಇಟ್ಟಿದೆ. ಮೇಲೆ ಏನೂ ಇಲ್ಲ. ಕೆಳಗೆ ಹೋಗಿ ಅಕ್ಕನಿಗೆ ಸ್ಲೇಟು ಹಿಡಿದರೆ, "ಬೇಡ ಅಂದ್ರೆ ಬಿಡೋ. ನಿನಗ್ಯಾಕೆ?" ಎಂದು ಒಲೆಯ ಕಡೆ ತಿರುಗಿದಳು.

ಆದರೆ ಸಭಿಕರೇ, ಆರನೆಯ ಊರು ನನಗೆ ಗೊತ್ತು! ಭಾವನ ಆರು ಸ್ಟೇಷನ್ನುಗಳಲ್ಲಿ ನಾನು ಕಂಡದ್ದು ಅದೊಂದನ್ನೇ, ಮಾಡಿದ ಐದರಲ್ಲಿ ಅದಿಲ್ಲ. ಈ ಕಥೆಯನ್ನು ನಾನು ನೂರು ಕಡೆ ಹೇಳಿದ್ದೇನೆ, ನೂರು ಕಡೆಯೂ ಜನ ಹೊಟ್ಟೆ ಹಿಡಿದುಕೊಂಡಿದ್ದಾರೆ. ಇಪ್ಪತ್ತೊಂಬತ್ತು ವರ್ಷದ ಹಿಂದೆ. ಇಡೀ ಕಂಪನಿ ರೈಲಿನಲ್ಲಿ ಮುಂದಿನ ಊರಿಗೆ ಹೊರಟಿತ್ತು. ಒಂಟಿ ಹಳಿಯ ದಾರಿ. ಎದುರಿನ ಗಾಡಿ ಬರಲೆಂದು ನಮ್ಮದನ್ನು ಆ ಸ್ಟೇಷನ್ನಿನಲ್ಲಿ ಹನ್ನೆರಡು ನಿಮಿಷ ನಿಲ್ಲಿಸಿದರು. ಇಳಿದು ನೋಡಿದರೆ, ಪ್ಲಾಟ್‌ಫಾರಂ ಮೇಲೆ ಹಸಿರು ಬಾವುಟ ಹಿಡಿದ ನಮ್ಮ ಭಾವ! ನಾನು ಬಿಡುತ್ತೇನೆಯೇ? ಸಾಮಾನಿನ ಗಾಡಿಯ ಮೇಲೆ ಹತ್ತಿದೆ. ವೀರರಸದ ಮಾತು ಶುರು ಹಚ್ಚಿದೆ. ಇಡೀ ರೈಲಿನ ಕಿಟಕಿಗಳಲ್ಲಿ ತಲೆಗಳು! ಚಪ್ಪಾಳೆ! ಶಿಳ್ಳೆ! ಭಾವ? ಕಂಬ. ಲಾಂದ್ರದ ಕಂಬವಾದರೂ ಗಾಳಿಗೆ ಅಲ್ಲಾಡೀತು. ಬಂದೆಯಾ ಅನ್ನಲಿಲ್ಲ, ಕೂತುಕೋ ಅನ್ನಲಿಲ್ಲ. ಹನ್ನೆರಡು ನಿಮಿಷ ಮುಗಿದದ್ದೇ ಬಾವುಟ ಬೀಸಿ ನನ್ನನ್ನು ರವಾನಿಸಿದರು!

ಆ ಮುಂಭಾಗ ಅಚ್ಚೊತ್ತಿದ ಹಾಗಿದೆ ಕಣ್ಣಲ್ಲಿ. ಮೂರು ಕಮಾನು, ಎಡಕ್ಕೊಂದು ನಲ್ಲಿ, ಗಂಟೆ. ಭಾವನಿಗೆ ತಿಳಿಯದಂತೆ ಮಾಡಿ ಬೆರಗುಗೊಳಿಸುತ್ತೇನೆ. ಸಾಮಾನಿನ ಗಾಡಿಯ ಮೇಲೆ ಕೈಯೆತ್ತಿ ನಿಂತ ನನ್ನನ್ನೂ ಇಡುತ್ತೇನೆ.

ಮಾರ್ಚ್ 9

ತೋರಿಸಿದೆ.

ಭಾವ ಬಹಳ ಹೊತ್ತು ನೋಡಿದರು. ಕಡ್ಡಿಯಲ್ಲಿ ಮಾಡಿದ ನನ್ನನ್ನು, ಅದರೆದುರು ಬಾವುಟ ಹಿಡಿದ ಅವರನ್ನು. "ಮುಂಭಾಗ ಸರಿಯಾಗಿದೆ," ಎಂದರು. ನಲ್ಲಿಯನ್ನು ಬೆರಳಿನಿಂದ ಮುಟ್ಟಿ, "ಇದರಲ್ಲಿ ನೀರು ಬರ್ತಿರ್ಲಿಲ್ಲ," ಎಂದರು. ಆಮೇಲೆ ಹಲಗೆಯನ್ನು ತಿರುಗಿಸಿ ನನ್ನ ಮುಂದಿಟ್ಟರು. ಬರೀ ಕಡ್ಡಿ.

"ಹಿಂದೆ ಏನಿತ್ತು ಗೊತ್ತಾ?"

ತಲೆಯಲ್ಲಾಡಿಸಿದೆ.

"ಎರಡು ಕೋಣೆ ಮನೆ. ಪ್ಲಾಟ್‌ಫಾರಂ ಕಡೆ ಕಿಟಕಿ ಇರ್ಲಿಲ್ಲ, ಬರೀ ಗೋಡೆ. ಬಟ್ಟೆ ಹಗ್ಗ ಇತ್ತು. ಆವತ್ತು ನಿನ್ನ ಅಕ್ಕ ಒಳಗೆ ಮಲಗಿದ್ಲು. ಬಸುರಿ, ಏಳು ತಿಂಗಳಾಗಿತ್ತು. ಬೆಳಿಗ್ಗೆ ಆರಕ್ಕೆ ಹೋಯ್ತು ಮಗು."

ಆ ಮಗುವಿನ ವಿಷಯ ನನಗೆ ಗೊತ್ತಿತ್ತು. ಗೊತ್ತಿತ್ತು ಎಂದರೆ, ತಿಂಗಳಾದ ಮೇಲೆ ಅಮ್ಮ ಕಾಗದದಲ್ಲಿ ಒಂದು ಸಾಲು ಬರೆದಿದ್ದಳು. ಯಾವ ದಿನ ಎಂದು ನಾನು ಕೇಳಿರಲಿಲ್ಲ.

"ನನ್ನ ಡ್ಯೂಟಿಗೆ ಬದಲಿ ಬರಬೇಕಿದ್ದವನು ಬರಲಿಲ್ಲ. ದಾದಿ ಇದ್ಲು ಒಳಗೆ. ನಾನು ಗಾಡಿ ಬಿಡೋದು, ಓಡಿ ಹೋಗಿ ನೋಡೋದು, ಮತ್ತೆ ಬಂದು ಗಾಡಿ ಬಿಡೋದು. ಮಧ್ಯಾಹ್ನ ನಿಮ್ಮ ಗಾಡಿ ಬಂತು. ನೀನು ಇಳಿದೆ. ದೇವರೇ ಕಳಿಸಿದ ಅಂದ್ಕೊಂಡೆ ಕಣೋ. ಹೇಳೋಣ ಅಂತ ಬಾಯಿ ತೆಗೆದೆ. ನೀನು ಆಗಲೇ ಸಾಮಾನಿನ ಗಾಡಿ ಹತ್ತಿದ್ದೆ. ಸ್ವಲ್ಪ ನಿಲ್ಲಿಸ್ತೀಯ, ಆಗ ಹೇಳೋಣ ಅಂತ ಕಾದೆ. ಒಂದು ಮಾತು ಮುಗಿಸಿ ಇನ್ನೊಂದು ಶುರು ಮಾಡ್ತಿದ್ದೆ. ಜನ ಚಪ್ಪಾಳೆ ಹೊಡೀತಿದ್ರು. ಅಷ್ಟರಲ್ಲಿ ಎದುರು ಗಾಡಿ ಬಂತು, ಸಿಗ್ನಲ್ ಬಿತ್ತು. ಗಾಡಿ ತಡೆಯೋ ಹಾಗಿಲ್ಲ. ಬಾವುಟ ತೋರಿಸಿದೆ."

ಕೈಯಲ್ಲಿ ಸ್ಲೇಟಿತ್ತು. ಬಾಯಿದ್ದಿದ್ದರೆ ನಾನು ಅಲ್ಲೇ ಅಡ್ಡ ಬಾಯಿ ಹಾಕುತ್ತಿದ್ದೆ, ಖಂಡಿತ. ನನಗೇನು ಗೊತ್ತು ಭಾವ, ಒಂದು ಮಾತು ಕೂಗಿ ಹೇಳಬಾರದಿತ್ತೇ, ನಾನು ಆಗ ಹುಡುಗ. ಎಲ್ಲ ಮಾತೂ ಸಾಲಾಗಿ ಬಂದು ನಿಂತಿದ್ದವು. ಬಳಪ ಮಾತ್ರ ಸ್ಲೇಟಿಗೆ ತಾಗಲಿಲ್ಲ.

ಭಾವ ಮುಂದುವರಿಸಿದರು. "ನಿನ್ನ ಧ್ವನಿ ಇದೆಯಲ್ಲ, ಅದು ಗೋಡೆ ದಾಟಿ ಒಳಗೆ ಹೋಯ್ತು. ಬೆಳಗಿನಿಂದ ಕಣ್ಣು ಬಿಡದೆ ಗೋಡೆ ಕಡೆ ತಿರುಗಿ ಮಲಗಿದ್ದವಳು ಎದ್ದು ಕೂತ್ಲಂತೆ. ದಾದಿ ಹೇಳಿದ್ಲು. ಗಾಡಿ ಕಳಿಸಿ ಒಳಗೆ ಓಡಿದೆ. ನಿನ್ನ ಅಕ್ಕ ನನ್ನ ಮುಖ ನೋಡಿ ಒಂದು ಮಾತು ಕೇಳಿದ್ಲು..."

ಮೆಟ್ಟಿಲ ಮೇಲೆ ಹೆಜ್ಜೆ. ಅಕ್ಕ ಟೀ ತಂದಳು. ಭಾವ ಸ್ಕ್ರೂಡ್ರೈವರ್ ಎತ್ತಿಕೊಂಡು ಇಂಜಿನ್ನಿನ ಹೊಟ್ಟೆ ಬಿಚ್ಚತೊಡಗಿದರು.

ಅಕ್ಕ ಹೋದ ಮೇಲೆ ಸ್ಲೇಟಿನಲ್ಲಿ ಬರೆದು ಹಿಡಿದೆ: 'ಏನು ಕೇಳಿದಳು?' ಭಾವ ಅದನ್ನು ಅಂಗೈಯಿಂದ ಒರೆಸಿದರು, ಒರಟಾಗಿ ಅಲ್ಲ.

"ಇದು ಬರೆದು ಕೇಳೋ ಮಾತಲ್ಲ. ಬಾಯಿ ಬಂದ ಮೇಲೆ ಕೇಳು."

ಮಾರ್ಚ್ 10

ಸಾಮಾನಿನ ಗಾಡಿಯ ಮೇಲಿದ್ದ ಕಡ್ಡಿಯ ಮನುಷ್ಯನನ್ನು ಕಿತ್ತೆ.

ಮಾರ್ಚ್ 12

ಎರಡು ಕೋಣೆ ಮನೆ ಮುಗಿಯಿತು. ಪ್ಲಾಟ್‌ಫಾರಂ ಕಡೆ ಕಿಟಕಿಯಿಲ್ಲ. ಆಚೆ ಬದಿಗೆ ಒಂದು ಬಾಗಿಲು, ಅರ್ಧ ತೆರೆದದ್ದು. ಅದರೊಳಗೆ ಕತ್ತಲು ಬರೆಯಬೇಕಾಗಲಿಲ್ಲ, ಕೋಣೆಯಿದ್ದರೆ ಕತ್ತಲು ತಾನೇ ಬರುತ್ತದೆ. ಎರಡು ಗೂಟ, ನಡುವೆ ದಾರದ ಹಗ್ಗ.

ಅಕ್ಕ ಟೀ ಲೋಟ ಒಯ್ಯಲು ಬಂದವಳು ನಿಂತಳು. ಹಲಗೆಯ ಮುಂಭಾಗವನ್ನು ನೋಡಲೇ ಇಲ್ಲ. ನೇರ ಹಿಂದಕ್ಕೆ ಬಂದಳು. ಭಾವ ಹಳಿ ಉಜ್ಜುವುದನ್ನು ನಿಲ್ಲಿಸಿದರು.

"ಹಗ್ಗ ಇಷ್ಟು ಬಿಗಿಯಾಗಿರ್ಲಿಲ್ಲ," ಎಂದಳು. ಉಗುರಿನಿಂದ ಒಂದು ಗಂಟು ಸಡಿಲಿಸಿದಳು. ದಾರ ಜೋತುಬಿತ್ತು. "ಹೀಗಿತ್ತು. ಒದ್ದೆ ಬಟ್ಟೆ ಹಾಕಿದ್ರೆ ನೆಲಕ್ಕೆ ಮುಟ್ಟೋದು. ಬಿಗಿ ಮಾಡಿ ಅಂತ ಎಷ್ಟು ಸಲ ಹೇಳಿದ್ರೂ ಇವರು ಮಾಡ್ಲಿಲ್ಲ."

"ಮಾಡಿದ್ದೆ ಕಣೇ. ಮತ್ತೆ ಸಡಿಲಾಗ್ತಿತ್ತು."

"ಹೂಂ, ಮಾಡಿದ್ರಿ," ಎಂದು ಲೋಟ ತೆಗೆದುಕೊಂಡು ಇಳಿದು ಹೋದಳು. ಅರ್ಧ ಮೆಟ್ಟಿಲಲ್ಲಿ ನಿಂತ ಹಾಗಾಯಿತು. ಆಮೇಲೆ ಮಿಕ್ಕ ಮೆಟ್ಟಿಲುಗಳ ಸದ್ದು.

ಭಾವ ಆರನೆಯ ಹಲಗೆಯನ್ನು ಎತ್ತಿ, ಆಚೆಯ ಖಾನೆಗೆ ಕೂರಿಸಿದರು. ಒಂದು ಗೂಟ ಬಿಗಿಯಾಗಿತ್ತು. ಅಂಗೈಯಿಂದ ಮೆಲ್ಲನೆ ತಟ್ಟಿದರು. ಗಾಡಿ ಬಿಟ್ಟರು. ಚಿಮಣಿಯಿಲ್ಲದ ಇಂಜಿನ್ನು ಬಂದು ಮೂರು ಕಮಾನಿನ ಮುಂದೆ ನಿಂತಿತು. ನಾವಿಬ್ಬರೂ ಹಿಂಬದಿಯಲ್ಲಿ ನಿಂತು ನೋಡಿದೆವು. ಅಲ್ಲಿಂದ ರೈಲು ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ.

ಮಾರ್ಚ್ 13

ನಲವತ್ತನೆಯ ದಿನ. ಡಾಕ್ಟರಮ್ಮ ಗಂಟಲೊಳಗೆ ಕನ್ನಡಿ ಇಳಿಸಿ ನೋಡಿದರು.

"ಗಾಯ ಮಾಗಿದೆ. ನಿಮ್ಮಂಥವರು ಸುಮ್ಮನಿರ್ತೀರಿ ಅಂತ ನಾನು ನಂಬಿರಲಿಲ್ಲ. ನಾಳೆ ಬೆಳಿಗ್ಗೆ ಒಂದು ಮಾತು ಆಡಿ. ಒಂದೇ. ಸಣ್ಣಗೆ. ನಾಡಿದ್ದು ಎರಡು."

'ಮೊದಲಿನ ಹಾಗೆ ಬರುತ್ತದೆಯೇ?' ಎಂದು ಬರೆದೆ.

"ಗೊತ್ತಿಲ್ಲ," ಎಂದರು. ಈ ಸಲ ಹಾಸ್ಯ ಮಾಡಲಿಲ್ಲ. "ಬರಬಹುದು. ಅರ್ಧ ಬರಬಹುದು. ಬರೀ ಗಾಳಿ ಬರಬಹುದು. ನಾಳೆ ನಿಮಗೇ ಗೊತ್ತಾಗುತ್ತೆ. ಏಪ್ರಿಲ್ ಐದು ಮಾತ್ರ ಮರೆತುಬಿಡಿ."

ಹೊರಗೆ ಪ್ರಾಂಪ್ಟರಣ್ಣ ಕಾಯುತ್ತಿದ್ದ. ಸ್ಲೇಟು ಓದಿ ಮುಖ ಬಾಡಿಸಿಕೊಂಡ. ಸೇನಾಪತಿಗೆ ರಾಜನ ಬಟ್ಟೆ ಅಳತೆ ತೆಗೆದಾಗಿದೆಯಂತೆ. ಸೊಂಟ ಸಡಿಲ, ಪಿನ್ನು ಹಾಕುತ್ತಾರಂತೆ. ಹುಡುಗ ಪರವಾಗಿಲ್ಲ, ಕಷ್ಟಪಡುತ್ತಾನೆ; ಮೂರನೆಯ ಪುಟದಲ್ಲಿ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ನಾನೇ ಬರೆದು ಕಳಿಸಬೇಕು.

"ಆದರೂ ಗುಡುಗು, ನಾಳಿನ ಮೊದಲ ಮಾತು ರಾಜನದ್ದೇ ಆಗಲಿ. 'ಯಾರಲ್ಲಿ!' ಅನ್ನು. ಒಂದೇ ಮಾತು, ಡಾಕ್ಟರ ಲೆಕ್ಕಕ್ಕೂ ಸರಿ. ಕಂಪನಿಗೆ ಶುಭ. ನಾನು ಬಂದು ಪಕ್ಕದಲ್ಲಿ ನಿಲ್ತೀನಿ, ಮರೆತರೆ ಹೇಳಿಕೊಡ್ತೀನಿ."

ಮರೆತರೆ! ನಗು ಬಂತು. ಅವನ ಕೈ ಹಿಡಿದು ಅಲ್ಲಾಡಿಸಿದೆ. ಬರಬೇಡವೆಂದು ಬರೆದೆ.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಕೇಳಿದಳು, "ಏನಂದ್ರೋ?" ಬೆರಳೆತ್ತಿ 'ಒಂದು' ಎಂದೆ. "ಒಂದೇ ಮಾತಾ? ಪಾಪ, ನಿನಗೆ ಯಾವುದು ಅಂತ ಆರಿಸೋದೇ ಕಷ್ಟ," ಎಂದು ತಲೆ ಸವರಿದಳು. ಅವಳ ಕೈ ಒದ್ದೆಯಾಗಿತ್ತು, ಪಾತ್ರೆ ತೊಳೆಯುತ್ತಿದ್ದಳೇನೋ.

ಕಷ್ಟವೇನಾಗಲಿಲ್ಲ.

ನಾಳೆ ಬೆಳಿಗ್ಗೆ ಎಂಟು ಗಂಟೆಗೆ, ಅಕ್ಕ ಟೀ ತರುವುದಕ್ಕೆ ಮೊದಲು, ಮಹಡಿ ಹತ್ತುತ್ತೇನೆ. ಸ್ಲೇಟನ್ನು ಕೆಳಗೇ ಬಿಡುತ್ತೇನೆ. ಭಾವ ಹಳಿ ಉಜ್ಜುತ್ತಿರುತ್ತಾರೆ. ಅವರ ಪಕ್ಕದ ಸ್ಟೂಲಿನ ಮೇಲೆ, ಆರನೆಯ ಹಲಗೆಯ ಹಿಂಬದಿಗೆ ಕೂರುತ್ತೇನೆ. ಬಂದರೆ ಬರುತ್ತದೆ, ಗಾಳಿಯಾದರೆ ಗಾಳಿ. ಭಾವ ಹತ್ತಿರವೇ ಇರುತ್ತಾರೆ, ಕೊನೆಯ ಸಾಲಿಗೆ ಮುಟ್ಟಬೇಕಾಗಿಲ್ಲ. ಸಣ್ಣಗೆ ಕೇಳುತ್ತೇನೆ:

"ಆಮೇಲೆ?"